ಮಂಡಿಯೂರಿ ಅಲೆ ಸವಾರಿ: ಅಲೆ ಹಿಡಿಯೋದು ಬಂತು, ಮುಂದೇನು?

ಮೊದಲು ಒಂದು ಲೆಕ್ಕ ಹೇಳುತ್ತೇನೆ. ದಾವಣಗೆರೆಯಿಂದ ಮೂಲ್ಕಿಗೆ ಹತ್ತಿರ ಹತ್ತಿರ 250 ಕಿಲೋಮೀಟರ್. ಶುಕ್ರವಾರ ರಾತ್ರಿ ಊಟ ಮುಗಿಸಿ, ಕಾರಿನ ಮೇಲೆ ನೀಬೋರ್ಡ್, ಅಂದರೆ ಮಂಡಿಯೂರಿ ಅಲೆ ಸವಾರಿ ಮಾಡುವ ಹಲಗೆ ಕಟ್ಟಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವು ಇಳಿದು ಸಮುದ್ರ ಕಾಣುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ನೀರಿಗಿಳಿದರೆ ಒಂದು ಬೆಳಿಗ್ಗೆಗೆ ಒಳ್ಳೆಯ ಅಲೆ ಅಂತ ಸಿಗುವುದು ಹತ್ತು. ಒಂದೊಂದರ ಮೇಲೆ ಇರುವುದು ಆರೇಳು ಸೆಕೆಂಡ್. ಅಂದರೆ ರಾತ್ರಿಯಿಡೀ ಪ್ರಯಾಣ ಮಾಡಿದ್ದಕ್ಕೆ ನಮಗೆ ಸಿಗುವ ಅಭ್ಯಾಸ ಒಂದು ನಿಮಿಷ ಚಿಲ್ಲರೆ. ಸಮುದ್ರದ ಪಕ್ಕದಲ್ಲೇ ಇರುವವರಿಗೆ ಈ ಲೆಕ್ಕ ಬೇಕಾಗಿಲ್ಲ, ಅವರು ನಾಳೆ ಮತ್ತೆ ಹೋಗುತ್ತಾರೆ. ನಮ್ಮಂಥ ಬಯಲುಸೀಮೆಯವರು ಆ ಒಂದು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದನ್ನು ಊರಲ್ಲೇ ತಿಳಿದುಕೊಂಡು ಹೋಗಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೀವು ನೊರೆ ಅಲೆ ಹಿಡಿದು, ಬೋರ್ಡಿನ ಮೇಲೆ ಮಂಡಿಯೂರಿ, ನೇರವಾಗಿ ದಡಕ್ಕೆ ಬಂದಿದ್ದೀರಿ ಅಂದುಕೊಳ್ಳುತ್ತೇನೆ. ಅಷ್ಟು ಬಂದ ಮೇಲೆ ಬಹಳ ಜನ ಅಲ್ಲೇ ನಿಂತುಬಿಡುತ್ತಾರೆ. ಬೋರ್ಡ್ ತಿರುಗುವುದಿಲ್ಲ, ತಿರುಗಿದರೂ ವೇಗ ಸತ್ತುಹೋಗುತ್ತದೆ, ಅಲೆ ಮುಂದೆ ಓಡಿ ನಾವು ಹಿಂದೆ ಉಳಿಯುತ್ತೇವೆ. ನನಗೂ ಎರಡು ಸೀಸನ್ ಹೀಗೇ ಆಯಿತು. ಎಲ್ಲಾ ತೊಂದರೆಯೂ ಸೊಂಟದಲ್ಲಿತ್ತು.

ಅದು ಯಾಕೆ ಅಂತ ತಿಳಿಯಲು ನೀಬೋರ್ಡ್ ಅಂದರೆ ಏನು ಅನ್ನುವುದನ್ನು ಸ್ವಲ್ಪ ನೋಡಬೇಕು. ನಿಂತು ಸರ್ಫ್ ಮಾಡುವವರು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಅಡ್ಡಡ್ಡ ನಿಲ್ಲುತ್ತಾರೆ. ಅವರಿಗೆ ಒಂದು ಕಡೆಯ ಅಲೆ ಮುಖಕ್ಕೆ ಬರುತ್ತದೆ, ಇನ್ನೊಂದು ಕಡೆಯದು ಬೆನ್ನಿಗೆ ಬರುತ್ತದೆ. ನಮಗೆ ಆ ತೊಡಕಿಲ್ಲ. ನಾವು ಮುಂದಕ್ಕೇ ಮುಖ ಮಾಡಿ ಕೂತಿರುತ್ತೇವೆ, ಎಡಕ್ಕೆ ಒಡೆಯುವ ಅಲೆಯೂ ಒಂದೇ, ಬಲಕ್ಕೆ ಒಡೆಯುವ ಅಲೆಯೂ ಒಂದೇ. ಮೈಭಾರ ಕೆಳಗಿರುವುದರಿಂದ ಕಡಿದಾದ ಅಲೆಯಲ್ಲೂ ಬೋರ್ಡ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ. ನಿಂತವರು ಕಾಲು ಸರಿಸಿ ಭಾರವನ್ನು ಹಿಂದೆ ಮುಂದೆ ಮಾಡಬಹುದು, ನಮ್ಮ ಮೊಣಕಾಲು ಇಟ್ಟಲ್ಲೇ ಇರುತ್ತದೆ. ಹಾಗಾಗಿ ಭಾರ ಬದಲಿಸಲು ನಮಗಿರುವ ದೊಡ್ಡ ಸಾಧನ ಸೊಂಟ ಒಂದೇ.

ಯೋಗದ ಕ್ಲಾಸಿನಲ್ಲಿ ವಜ್ರಾಸನ ಹಾಕಿದ್ದೀರಲ್ವಾ? ಹೆಚ್ಚು ಕಡಿಮೆ ಅದೇ ಕೂರುವ ರೀತಿ, ಮೊಣಕಾಲು ಮಾತ್ರ ಸೊಂಟದಷ್ಟು ಅಗಲ. ಹಿಮ್ಮಡಿಯ ಮೇಲೆ ಪೂರ್ತಿ ಕೂತರೆ ಭಾರ ಬೋರ್ಡಿನ ಬಾಲಕ್ಕೆ ಹೋಗುತ್ತದೆ. ಆಗ ಬೋರ್ಡ್ ಸುಲಭವಾಗಿ ತಿರುಗುತ್ತದೆ, ಆದರೆ ನಿಧಾನವಾಗುತ್ತದೆ. ಹಿಮ್ಮಡಿಯಿಂದ ಒಂದು ಗೇಣು ಮೇಲೆದ್ದು ಎದೆ ಮುಂದೆ ತಂದರೆ ಭಾರ ಮೊಣಕಾಲಿಗೆ ಬರುತ್ತದೆ, ಬೋರ್ಡ್ ಚಪ್ಪಟೆಯಾಗಿ ನೀರಿನ ಮೇಲೆ ಕೂತು ಓಡುತ್ತದೆ. ಕೂತರೆ ತಿರುವು, ಎದ್ದರೆ ಓಟ. ಮುಂದೆ ನಾನು ಹೇಳುವ ಪ್ರತಿಯೊಂದು ಪಟ್ಟಿನಲ್ಲೂ ಇದೇ ಇರುತ್ತದೆ, ಯಾವಾಗ ಕೂರಬೇಕು, ಯಾವಾಗ ಏಳಬೇಕು ಅನ್ನುವುದು ಬದಲಾಗುತ್ತದೆ ಅಷ್ಟೇ.

ಇಲ್ಲೊಂದು ಕತೆ ಹೇಳಲೇಬೇಕು, ಯಾಕೆಂದರೆ ನೀಬೋರ್ಡ್ ಅಂದರೆ ನಿಂತು ಆಡಲು ಬಾರದವರ ಆಟ ಅಂತ ಅಂದುಕೊಂಡವರು ಜಾಸ್ತಿ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೊ ಅನ್ನುವವರು ಒಂದು ವಿಚಿತ್ರ ನೀಬೋರ್ಡ್ ಮಾಡಿದರು. ನಡುಭಾಗದಲ್ಲಿ ಫೋಮೇ ಇಲ್ಲ, ಬರೀ ತೆಳ್ಳಗಿನ ಫೈಬರ್‌ಗ್ಲಾಸ್. ಚಮಚದ ಹಾಗೆ ಗುಳಿ ಇದ್ದಿದ್ದರಿಂದ ಅದಕ್ಕೆ ಸ್ಪೂನ್ ಅಂತಲೇ ಹೆಸರು ಬಂತು. ಸುಮ್ನೆ ನಿಂತರೆ ಅದು ಮುಳುಗುತ್ತಿತ್ತು, ಅಲೆಯ ಮೇಲೆ ಹೋದರೆ ಬಾಗಿ, ಮತ್ತೆ ಚಿಮ್ಮಿ, ಬಾಣದ ಹಾಗೆ ಓಡುತ್ತಿತ್ತು. ಟ್ಯೂನಾ ಮೀನಿನ ಬಾಲ ನೋಡಿ ಅವರು ಬೋರ್ಡಿನ ಕೆಳಗಿರುವ ರೆಕ್ಕೆಯಂಥ ಫಿನ್ನನ್ನೂ ತೆಳ್ಳಗೆ, ಹಿಂದಕ್ಕೆ ಬಾಗಿದ ಹಾಗೆ ಮಾಡಿದರು. ಆಸ್ಟ್ರೇಲಿಯಾದ ನ್ಯಾಟ್ ಯಂಗ್ 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ಬೋರ್ಡಿಗೆ ಇದ್ದದ್ದು ಆ ಜಾತಿಯ ಫಿನ್. ಮರುವರ್ಷ ಅದೇ ಸ್ಯಾನ್ ಡಿಯಾಗೊದಲ್ಲಿ ಸ್ಟೀವ್ ಲಿಸ್ ಅನ್ನುವವರು ಮೀನಿನ ಬಾಲದ ಆಕಾರದ, ಎರಡು ಫಿನ್ ಇರುವ ಗಿಡ್ಡ ಬೋರ್ಡ್ ಮಾಡಿದರು. ಇವತ್ತು ನಿಂತು ಆಡುವವರು ಇಷ್ಟಪಟ್ಟು ಕೊಳ್ಳುವ ಫಿಶ್ ಬೋರ್ಡ್ ಅದೇ, ಹುಟ್ಟಿದ್ದು ಮಾತ್ರ ನೀಬೋರ್ಡ್ ಆಗಿ. ಮಂಡಿಯೂರಿದವರು ಕಲಿತದ್ದನ್ನು ನಿಂತವರು ತೆಗೆದುಕೊಂಡಿದ್ದಾರೆ. ನನಗೆ ಇದು ದೊಡ್ಡ ಹೆಮ್ಮೆಯ ವಿಷಯ.

ಇನ್ನು ಅಲೆಗೆ ಬರೋಣ.

ಅಲೆ ಎಲ್ಲಿ ಒಡೆಯುತ್ತದೆ ಅನ್ನುವುದನ್ನು ಆಳ ತೀರ್ಮಾನಿಸುತ್ತದೆ. ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳ ಬಂದಾಗ ಅದು ಮಗುಚುತ್ತದೆ. ಅಂದರೆ ಒಂದು ಮೀಟರ್ ಅಲೆ ಎದೆಮಟ್ಟದ ನೀರಿನಲ್ಲಿ ಒಡೆಯುತ್ತದೆ. ನಮ್ಮ ಕರಾವಳಿಯಲ್ಲಿ ನಾವು ಆಡುವ ಕಡೆಯೆಲ್ಲ ತಳ ಮರಳು, ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಸಸಿಹಿತ್ಲುವಿನ ಹತ್ತಿರ ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಕಡೆ ಇದು ಚೆನ್ನಾಗಿ ಕಾಣುತ್ತದೆ, ಕಳೆದ ವರ್ಷ ಅಲೆ ಒಡೆಯುತ್ತಿದ್ದ ಜಾಗದಲ್ಲಿ ಈ ವರ್ಷ ನೀರು ಆಳವಾಗಿ ಸುಮ್ಮನೆ ಏರಿಳಿಯುತ್ತಿರುತ್ತದೆ. ಹಾಗಾಗಿ ತಲುಪಿದ ಕೂಡಲೇ ನೀರಿಗೆ ಓಡಬೇಡಿ. ಇಪ್ಪತ್ತು ನಿಮಿಷ ದಡದಲ್ಲಿ ಕೂತು ನೋಡಿ. ಉದ್ದಕ್ಕೂ ಒಂದೇ ಸಲ ದೊಪ್ಪೆಂದು ಬೀಳುವ ಅಲೆ ನಮಗೆ ಬೇಡ. ಒಂದು ತುದಿಯಲ್ಲಿ ಮಗುಚಲು ಶುರುವಾಗಿ, ಅಲ್ಲಿಂದ ಪಕ್ಕಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುವ ಅಲೆ ಬೇಕು. ಆ ಮೊದಲ ತುದಿ ಎಲ್ಲಿದೆ ಅಂತ ದಡದ ಮೇಲಿನ ಯಾವುದಾದರೂ ತೆಂಗಿನ ಮರಕ್ಕೋ ಮನೆಗೋ ಗುರುತು ಹಿಡಿದುಕೊಳ್ಳಿ. ನೀರಿನೊಳಗೆ ಕೂತಾಗ ಆ ಗುರುತೇ ನಿಮ್ಮ ನಕ್ಷೆ.

ಅಲೆ ಹಿಡಿಯುವಾಗ ಹೊಸಬರು ಮಾಡುವ ತಪ್ಪು ಕೈಯನ್ನೇ ನಂಬುವುದು. ನೀಬೋರ್ಡ್ ಗಿಡ್ಡ, ಆರಡಿ ಆಚೀಚೆ, ತೇಲುವ ಶಕ್ತಿ ಕಡಿಮೆ. ಕಾಲಿಗೆ ಹಾಕುವ ರಬ್ಬರ್ ಫಿನ್ಸ್ ಇರುವುದೇ ಅದಕ್ಕೆ. ಕೈಯಲ್ಲಿ ದಿಕ್ಕು ಹಿಡಿದು, ಅಲೆ ಬಾಲವನ್ನು ಎತ್ತಲು ಶುರು ಮಾಡಿದಾಗ ಕಾಲನ್ನು ಜೋರಾಗಿ ಬಡಿಯಿರಿ. ಪಾದ ಬೋರ್ಡಿನ ಬಾಲದಿಂದಾಚೆ ನೀರಿನಲ್ಲಿರಬೇಕು, ನೀರಿನ ಮೇಲೆ ಪಟಪಟ ಸದ್ದು ಬರುತ್ತಿದ್ದರೆ ಶಕ್ತಿ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಈ ಫಿನ್ಸ್ ಇರುವುದರಿಂದಲೇ ನಿಂತು ಆಡುವವರಿಗಿಂತ ತಡವಾಗಿ, ಅಲೆ ಇನ್ನೇನು ಮಗುಚುತ್ತದೆ ಅನ್ನುವಾಗಲೂ ನಾವು ಹಿಡಿಯಬಹುದು. ಏಳುವಾಗ ಬೋರ್ಡಿನ ಎರಡೂ ಅಂಚನ್ನು ಎದೆಯ ಹತ್ತಿರ ಹಿಡಿದು, ಮೈ ಎತ್ತಿ, ಎರಡೂ ಮೊಣಕಾಲನ್ನು ಒಟ್ಟಿಗೇ ಎಳೆದುಕೊಳ್ಳಿ. ಒಂದಾದ ಮೇಲೆ ಒಂದು ಅಲ್ಲ. ಒಂದೊಂದಾಗಿ ಎಳೆದರೆ ಬೋರ್ಡ್ ಓಲಾಡುತ್ತದೆ, ಕಡಿದಾದ ಅಲೆಯಲ್ಲಿ ಅಷ್ಟು ಓಲಾಟವೇ ಮೂತಿ ಮುಳುಗಲು ಸಾಕು. ಮತ್ತೆ ನೇರ ಕೆಳಗೆ ಇಳಿಯಬೇಡಿ, ಅಲೆ ಬಿಚ್ಚಿಕೊಳ್ಳುವ ಕಡೆಗೆ ಮೂತಿಯನ್ನು ಮೊದಲೇ ಓರೆ ಮಾಡಿಕೊಂಡು ಇಳಿಯಿರಿ.

ಈಗ ಬಾಟಮ್ ಟರ್ನ್. ಅಲೆಯ ಬುಡಕ್ಕೆ ಇಳಿದು, ಅಲ್ಲಿಂದ ಮತ್ತೆ ಅಲೆಯ ಗೋಡೆ ಹತ್ತುವ ತಿರುವು ಇದು. ಇದು ಬರದಿದ್ದರೆ ಮುಂದಿನ ಯಾವುದೂ ಬರುವುದಿಲ್ಲ, ಹಾಗಾಗಿ ಇದನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಎರಡನೇ ಸೀಸನ್ನಿನ ಕೊನೆಯಲ್ಲಿ ಗೆಳೆಯನೊಬ್ಬ ದಡದಿಂದ ಫೋನಿನಲ್ಲಿ ನನ್ನ ವಿಡಿಯೋ ತೆಗೆದ. ಮರಳಿನ ಮೇಲೆ ಕೂತು ನೋಡಿದೆವು. ಅಲ್ಲಿ ಹುಡುಗರಿಗೆ ಸರ್ಫಿಂಗ್ ಕಲಿಸುವ ಒಬ್ಬರು ನಮ್ಮ ಪಕ್ಕ ಬಂದು ಬಗ್ಗಿ ನೋಡಿದರು, ನಾನು ತಿರುಗುವ ಜಾಗಕ್ಕೆ ಬೆರಳಿಟ್ಟು ವಿಡಿಯೋ ನಿಲ್ಲಿಸಿದರು. "ಭುಜ ತಿರುಗಿಸ್ತಾ ಇದ್ದೀರಿ ಮಾರಾಯ್ರೆ, ಬೋರ್ಡ್ ಅಲ್ಲ. ಸೊಂಟ ಎಲ್ಲುಂಟು ನೋಡಿ." ನೋಡಿದೆ. ಕೈ ಗಾಳಿಯಲ್ಲಿ, ಭುಜ ಅಲೆಯ ಕಡೆಗೆ, ಮುಖವೂ ಬಿಗಿ. ಸೊಂಟ ಮಾತ್ರ ಬೋರ್ಡಿನ ನಟ್ಟ ನಡುವೆ ಕಂಬದ ಹಾಗೆ ಇತ್ತು. ಬೋರ್ಡಿನ ತಳ ಪೂರ್ತಿ ನೀರಿಗೆ ಅಂಟಿಕೊಂಡಿತ್ತು, ಒಂದು ಅಂಚೂ ಮುಳುಗಿರಲಿಲ್ಲ. ಎರಡು ಸೀಸನ್ ನಾನು ಬೋರ್ಡಿಗೆ ತಿರುಗು ಅಂತ ಹೇಳಿಯೇ ಇರಲಿಲ್ಲ.

ಬೋರ್ಡ್ ತಿರುಗುವುದು ಅಂಚಿನ ಮೇಲೆ. ಬಲಕ್ಕೆ ಹೋಗಬೇಕು ಅಂದರೆ ಬಲ ಅಂಚು ನೀರನ್ನು ಕಚ್ಚಬೇಕು, ಅದಕ್ಕೆ ಸೊಂಟ ಬಲಕ್ಕೆ ಹೋಗಿ ಬಲ ಮೊಣಕಾಲಿನ ಮೇಲೆ ಭಾರ ಬೀಳಬೇಕು. ಬುಡ ತಲುಪುವ ಮೊದಲೇ ಹಿಮ್ಮಡಿಯ ಮೇಲೆ ಕೂತುಬಿಡಿ, ಮೈ ಮುದುಡಲಿ. ಬಲಗೈ ನೀರಿಗೆ ತಾಗಲಿ, ಒತ್ತಬೇಡಿ, ಬೆರಳು ಸವರಿದರೆ ಸಾಕು. ಎಡಗೈಯಲ್ಲಿ ಎಡ ಅಂಚನ್ನು ಹಿಡಿದು ಸ್ವಲ್ಪ ಮೇಲೆಳೆಯಿರಿ, ಆಗ ಒಳ ಅಂಚು ಇನ್ನೂ ಚೆನ್ನಾಗಿ ಕೂರುತ್ತದೆ. ಕಣ್ಣು ಬೋರ್ಡಿನ ಮೂತಿಯ ಮೇಲೆ ಇರಬಾರದು, ಅಲೆಯ ಮೇಲೆ ನೀವು ಹೋಗಬೇಕಾದ ಜಾಗದಲ್ಲಿ ಇರಬೇಕು. ಆಗುಂಬೆ ಘಾಟಿಯಲ್ಲಿ ಬೈಕ್ ಓಡಿಸಿದವರಿಗೆ ಇದು ಗೊತ್ತು, ತಿರುವಿನಲ್ಲಿ ಮುಂದಿನ ಚಕ್ರ ನೋಡಿದರೆ ಬೈಕ್ ತಡೆಗೋಡೆಯ ಕಡೆಗೇ ಹೋಗುತ್ತದೆ, ತಿರುವು ಮುಗಿಯುವ ಕಡೆ ನೋಡಿದರೆ ತಾನಾಗಿ ಅಲ್ಲಿಗೆ ಹೋಗುತ್ತದೆ. ಬೋರ್ಡ್ ಹತ್ತಲು ಶುರು ಮಾಡಿದ ಕ್ಷಣ ಹಿಮ್ಮಡಿಯಿಂದ ಏಳಿ. ಮುದುಡಿದ್ದ ಮೈ ಬಿಚ್ಚಿಕೊಂಡಾಗ ಬೋರ್ಡಿಗೆ ಒಂದು ನೂಕು ಸಿಗುತ್ತದೆ. ಜೋಕಾಲಿಯಲ್ಲಿ ಕೆಳಗೆ ಬಂದಾಗ ಕಾಲು ಮಡಚಿ, ಮೇಲೆ ಹೋಗುವಾಗ ಮೈ ಚಾಚಿ ಜೀಕುತ್ತೇವಲ್ಲ, ಅದೇ ಕೆಲಸ.

ಬೇಗ ತಿರುಗಬೇಕೋ ತಡವಾಗಿಯೋ? ಅಲೆ ಬೇಗ ಬೇಗ ಬಿಚ್ಚಿಕೊಳ್ಳುತ್ತಿದ್ದರೆ ಬುಡದವರೆಗೆ ಇಳಿಯಬೇಡಿ, ನಡುವಿನಲ್ಲೇ ತಿರುಗಿ ಓಡಿ. ನಿಧಾನದ ಅಲೆಯಾದರೆ ಪೂರ್ತಿ ಬುಡಕ್ಕೆ ಇಳಿದು ದೊಡ್ಡ ತಿರುವು ಹಾಕಿ. ನಮ್ಮ ಕಡೆ ಸಣ್ಣ ಅಲೆಗಳೇ ಜಾಸ್ತಿ ಸಿಗುವುದರಿಂದ ಮೊದಲನೆಯದನ್ನೇ ಮೊದಲು ಕಲಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಿರುಗಿದ ಮೇಲೆ ಓಟ. ವೇಗ ಎತ್ತರದಲ್ಲಿದೆ. ಅಲೆಯ ಗೋಡೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಗೆರೆ ಹಿಡಿದು ಹೋದರೆ ಇಳಿಜಾರು ಯಾವಾಗಲೂ ನಿಮ್ಮ ಮುಂದೆ ಇರುತ್ತದೆ, ನೀರೂ ಮೇಲಕ್ಕೆ ಏರುತ್ತಾ ಬೋರ್ಡನ್ನು ತಳ್ಳುತ್ತದೆ. ಬುಡದಲ್ಲಿ ಉಳಿದರೆ ನೀರು ಚಪ್ಪಟೆ, ಇದ್ದ ವೇಗ ಖರ್ಚಾಗಿ ಹೋಗುತ್ತದೆ. ಎದ್ದು ಓಡಿ, ಕೂತು ಮೇಲೇರಿ, ಮತ್ತೆ ಎದ್ದು ಇಳಿಯಿರಿ. ಈ ಏರಿಳಿತ ಚಿಕ್ಕದಾಗಿರಲಿ, ಸೊಂಟದ ಒಂದೊಂದು ಗೇಣಿನ ಆಟ ಸಾಕು.

ಓಡುತ್ತಾ ಓಡುತ್ತಾ ಅಲೆಯ ಶಕ್ತಿ ಇಲ್ಲದ ಭುಜಕ್ಕೆ ಬಂದುಬಿಡುತ್ತೀರಿ. ಅಲ್ಲಿ ಅಲೆ ಇನ್ನೂ ಮಗುಚಿರುವುದಿಲ್ಲ, ಗೋಡೆಯೂ ಕಡಿದಾಗಿರುವುದಿಲ್ಲ. ಇಲ್ಲಿಂದ ಮತ್ತೆ ನೊರೆಯ ಕಡೆಗೆ ತಿರುಗಿ ಶಕ್ತಿ ಇರುವ ಜಾಗಕ್ಕೆ ವಾಪಸ್ ಬರುವುದೇ ಕಟ್‌ಬ್ಯಾಕ್. ನೀಬೋರ್ಡಿನಲ್ಲಿ ಇದು ಬಹಳ ಚಂದ, ಬಾಲ ಅಗಲ ಇರುವುದರಿಂದ ಕೂತ ತಕ್ಷಣ ಬೋರ್ಡ್ ಸುತ್ತುತ್ತದೆ. ಎಲ್ಲರೂ ಕೆಡಿಸುವುದು ಅರ್ಧದಲ್ಲಿ ಬಿಟ್ಟು. ತಿರುವು ಶುರುವಾದ ಮೇಲೆ ಕಣ್ಣು ನೊರೆಯನ್ನು ಹುಡುಕಬೇಕು, ನೊರೆ ಕಾಣುವವರೆಗೆ ಅಂಚು ಬಿಡಬಾರದು. ನೊರೆಗೆ ಬೋರ್ಡಿನ ಮೂತಿ ತಾಗಿದಾಗ ಸೊಂಟವನ್ನು ಇನ್ನೊಂದು ಕಡೆಗೆ ಹಾಕಿ, ನೊರೆಯೇ ನಿಮ್ಮನ್ನು ಮತ್ತೆ ಮುಂದಕ್ಕೆ ತಿರುಗಿಸುತ್ತದೆ.

ಅಲೆಯ ಸುರುಳಿಯೊಳಗೆ ಹೋಗುವುದು ನೀಬೋರ್ಡಿನವರ ಕನಸು, ನಿಂತವರು ಬಗ್ಗಿದರೂ ಹಿಡಿಸದ ಸುರುಳಿಯಲ್ಲಿ ನಾವು ಹಿಡಿಸುತ್ತೇವೆ. ಹೊರಗಿನ ಅಂಚು ಹಿಡಿದು, ಒಳಗಿನ ಕೈಯನ್ನು ಗೋಡೆಯಲ್ಲಿ ಎಳೆದು ವೇಗ ತಗ್ಗಿಸಿ ಸುರುಳಿಯನ್ನು ಕಾಯಬೇಕು. ನಮ್ಮ ಮರಳು ದಂಡೆಯಲ್ಲಿ ಅಂಥ ಅಲೆ ಅಪರೂಪ, ಹಾಗಾಗಿ ಇದನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಊರಲ್ಲಿ ಮಾಡುವ ಅಭ್ಯಾಸ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಬೋರ್ಡಿನ ಆಕಾರ ಬರೆದೆ, ಮೊಣಕಾಲು ಎಲ್ಲಿ ಬರಬೇಕೋ ಅಲ್ಲಿ ಎರಡು ಸುತ್ತು ಹಾಕಿದೆ. ಮೇಲೆ ನಾಲ್ಕು ಮಡಿಕೆಯ ಕಂಬಳಿ ಹಾಸಿ, ಸುತ್ತಿನ ಜಾಗಕ್ಕೆ ಕಂಬಳಿಯ ಮೇಲೂ ಗುರುತು ಮಾಡಿಕೊಂಡೆ. ಮಕಾಡೆ ಮಲಗಿ, ಎರಡೂ ಮೊಣಕಾಲನ್ನು ಒಟ್ಟಿಗೆ ಎಳೆದು ಗುರುತಿನ ಮೇಲೆ ಕೂರುವುದು, ಕೆಳಗೆ ನೋಡದೆ, ಎದುರಿನ ನೀರಿನ ಟ್ಯಾಂಕಿನ ಕಡೆ ಕಣ್ಣಿಟ್ಟು. ಮೊದಲ ವಾರ ಮೊಣಕಾಲು ಗುರುತಿನಿಂದ ನಾಲ್ಕು ಬೆರಳು ಹಿಂದೆ ಬೀಳುತ್ತಿತ್ತು, ಅದೂ ಯಾವಾಗಲೂ ಎಡಗಾಲು. ಸಮುದ್ರದಲ್ಲಿ ನನ್ನ ಬೋರ್ಡ್ ಯಾಕೆ ಎಡಕ್ಕೆ ಎಳೆಯುತ್ತಿತ್ತು ಅಂತ ಆಗ ಗೊತ್ತಾಯಿತು. ದಿನಕ್ಕೆ 15 ಸಲ, ಒಂದು ತಿಂಗಳು ಮಾಡಿದ ಮೇಲೆ ಎರಡೂ ಸರಿಯಾಗಿ ಬೀಳತೊಡಗಿದವು.

ಎರಡನೆಯದು ಮೆಕ್ಕೆಜೋಳದ ಚೀಲ. ನಮ್ಮ ದಾವಣಗೆರೆ ಸೀಮೆಯಲ್ಲಿ ಅದಕ್ಕೇನು ಬರ ಅಲ್ವಾ? ಚೀಲದಲ್ಲಿ ಅರ್ಧಕ್ಕಿಂತ ಕಡಿಮೆ ಕಾಳು ಬಿಟ್ಟು ಬಾಯಿ ಕಟ್ಟಿ, ಅಡ್ಡ ಮಲಗಿಸಿ, ಅದರ ಮೇಲೆ ಮಂಡಿಯೂರಿ. ಭಾರ ಬಲಕ್ಕೆ ಹಾಕಿದರೆ ಕಾಳು ಸರಸರ ಅಂತ ಎಡಕ್ಕೆ ಸರಿಯುತ್ತದೆ, ಬಲ ಮೊಣಕಾಲು ಇಳಿಯುತ್ತದೆ. ಭುಜ ಎಷ್ಟು ತಿರುಗಿಸಿದರೂ ಕಾಳು ಕದಲುವುದಿಲ್ಲ, ಸೊಂಟ ಸರಿದರೆ ಮಾತ್ರ ಕದಲುತ್ತದೆ. ವಿಡಿಯೋ ನೋಡಿ ತಲೆಗೆ ಅರ್ಥವಾಗಿದ್ದು ಮೈಗೆ ಅರ್ಥವಾಗಿದ್ದು ಈ ಚೀಲದ ಮೇಲೆ. ಹಿಮ್ಮಡಿಗೆ ಕೂರುವುದು, ಏಳುವುದು, ಬಲ, ಎಡ, ಐದು ನಿಮಿಷ ಸಾಕು.

ಈಜುಕೊಳಕ್ಕೆ ಹೋಗುವವರು ಫಿನ್ಸ್ ಹಾಕಿಕೊಂಡು ಜೋರಾಗಿ ಹದಿನೈದು ಸೆಕೆಂಡ್ ಬಡಿದು, ಅರ್ಧ ನಿಮಿಷ ಸುಧಾರಿಸಿಕೊಂಡು, ಮತ್ತೆ ಬಡಿಯುವುದನ್ನು ರೂಢಿ ಮಾಡಿಕೊಳ್ಳಿ. ಅಲೆ ಹಿಡಿಯಲು ಬೇಕಾಗುವುದು ಇಂಥ ಚಿಕ್ಕ ಚಿಕ್ಕ ರಭಸ. ಕೆರೆ, ಚಾನಲ್‌ಗಳಲ್ಲಿ ಮಾತ್ರ ಈ ಪ್ರಯೋಗ ಬೇಡ. ಭದ್ರಾ ಚಾನಲ್ ನೀರು ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರು, ಹತ್ತಿ ಬರಲು ಇಳಿಜಾರಿನಲ್ಲಿ ಹಿಡಿತವೂ ಸಿಗುವುದಿಲ್ಲ.

ಮೊಣಕಾಲಿನ ಬಗ್ಗೆ ಒಂದು ಮಾತು. ಪೂರ್ತಿ ಮಡಚಿದ ಮೊಣಕಾಲಿನ ಮೇಲೆ ಭಾರ ಬಿದ್ದು, ಅದರ ಮೇಲೆ ಅಲೆಯ ಕುಲುಕಾಟವೂ ಸೇರಿದರೆ ಒಳಗಿನ ಮೆತ್ತೆಯಂಥ ಭಾಗಕ್ಕೆ ಪೆಟ್ಟಾಗಬಹುದು. ಬೋರ್ಡಿನ ಮೇಲೆ ದಪ್ಪ ಪ್ಯಾಡ್ ಇರಲಿ, ಬರೀ ಮೇಣ ಹಚ್ಚಿ ಆಡಬೇಡಿ. ವಜ್ರಾಸನ ಅಭ್ಯಾಸ ಇಲ್ಲದವರು ಮೊದಲು ಹಿಮ್ಮಡಿ ಮತ್ತು ಕುಂಡೆಯ ನಡುವೆ ದಿಂಬು ಇಟ್ಟು ಕೂತು, ದಿನ ಕಳೆದಂತೆ ದಿಂಬು ತೆಳ್ಳಗೆ ಮಾಡುತ್ತಾ ಬನ್ನಿ. ಸ್ನಾಯು ಎಳೆತ ಸಹಿಸಬಹುದು. ಕೀಲಿನ ಒಳಗೆ ಚುಚ್ಚಿದ ಹಾಗೆ ಆದರೆ ಅವತ್ತಿಗೆ ನೀರಿನಿಂದ ಹೊರಗೆ ಬಂದುಬಿಡಿ, 250 ಕಿಲೋಮೀಟರ್ ಬಂದಿದ್ದೇನೆ ಅಂತ ಹಟ ಮಾಡಬೇಡಿ.

ಬೀಳುವಾಗ ತಲೆ ಕೆಳಗಾಗಿ ಬೀಳಬಾರದು. ಎದೆಮಟ್ಟದ ನೀರು ಅಂತ ಆಗಲೇ ಹೇಳಿದೆನಲ್ಲ, ಅದರ ಕೆಳಗೆ ಇರುವುದು ಗಟ್ಟಿ ಮರಳು. ಅಗಲವಾಗಿ ಬಿದ್ದು ಕೈಯಿಂದ ತಲೆ ಮುಚ್ಚಿಕೊಂಡೇ ಮೇಲೆ ಬನ್ನಿ. ನೀರು ಸಮುದ್ರದ ಕಡೆಗೆ ಎಳೆಯುತ್ತಿದ್ದರೆ ಬೋರ್ಡ್ ಬಿಡಬೇಡಿ, ಸೆಳೆತಕ್ಕೆ ಎದುರಾಗಿ ನೇರ ದಡದ ಕಡೆಗೆ ಈಜದೆ ಪಕ್ಕಕ್ಕೆ ಹೋಗಿ ಸೆಳೆತದಿಂದ ಹೊರಬನ್ನಿ. ಅಲೆ ಮೊದಲು ಮಗುಚುವ ತುದಿಗೆ ಯಾರು ಹತ್ತಿರ ಇದ್ದಾರೋ ಆ ಅಲೆ ಅವರದು. ಈ ನಿಯಮ ಎಲ್ಲಾ ಕಡೆಯೂ ಒಂದೇ.

ಹೊರಡುವ ಮುಂಚೆ ನೋಡಬೇಕಾದದ್ದು ಅಲೆಯ ಎತ್ತರ ಒಂದೇ ಅಲ್ಲ. ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ಸೆಕೆಂಡ್ ಅನ್ನುವುದು ಅದಕ್ಕಿಂತ ಮುಖ್ಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಸ್ಥಿತಿಯ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಇದು ಸಿಗುತ್ತದೆ. ಆರೇಳು ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಗೊಂದಲದ ಅಲೆ. 14 ಸೆಕೆಂಡ್ ಅಂದರೆ ದೂರದ ದಕ್ಷಿಣ ಸಮುದ್ರದ ಬಿರುಗಾಳಿಯಲ್ಲಿ ಹುಟ್ಟಿ ಬಂದ ಅಲೆ. ಅಂಥ ಅಲೆಗಳ ಗುಂಪು ಆಳ ನೀರಿನಲ್ಲಿ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ, 6000 ಕಿಲೋಮೀಟರ್ ದಾಟಿ ನಮ್ಮ ತೀರ ಮುಟ್ಟಲು ಆರು ದಿನ ದಾಟುತ್ತದೆ. ಅದರ ಎತ್ತರ ಕಡಿಮೆ ಇದ್ದರೂ ಒಳಗಿನ ಶಕ್ತಿ ಜಾಸ್ತಿ, ಒಡೆಯುವುದೂ ಸಾಲಾಗಿ, ನಡುವೆ ಬಿಡುವು ಕೊಟ್ಟು. ಸೋಮವಾರ ಮುನ್ಸೂಚನೆಯಲ್ಲಿ ಅಂಥದ್ದು ಕಂಡರೆ ಶುಕ್ರವಾರಕ್ಕೆ ರಜೆ ಕೇಳಲು ಸಮಯ ಇರುತ್ತದೆ.

ಜೂನ್‌ನಿಂದ ಮಳೆ ತಗ್ಗುವವರೆಗೆ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಮೀನಿಗೆ ಇಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲಿ ಅಂತ ಮಾಡಿದ ನಿಷೇಧ ಅದು, ಆದರೆ ಆ ದಿನಗಳ ಕಡಲು ನೋಡಿದರೆ ನಮಗೂ ಅಲ್ಲಿ ಕೆಲಸ ಇಲ್ಲ ಅಂತ ಗೊತ್ತಾಗುತ್ತದೆ. ಸೆಪ್ಟೆಂಬರ್ ಕೊನೆಗೆ ನೀರು ತಿಳಿಯಾಗತೊಡಗುತ್ತದೆ. ಅಲ್ಲಿಯವರೆಗೆ ತಾರಸಿ ಇದೆ, ಚೀಲ ಇದೆ. ಒಂದು ಸಲ ಹೋದಾಗ ಒಂದೇ ವಿಷಯ ಇಟ್ಟುಕೊಳ್ಳಿ, ಹತ್ತು ಅಲೆಯಲ್ಲಿ ಹತ್ತು ಬೇರೆ ಬೇರೆ ಪಟ್ಟುಗಳನ್ನು ಪ್ರಯತ್ನಿಸಿದರೆ ಯಾವುದೂ ಮೈಗೆ ಹತ್ತುವುದಿಲ್ಲ. ಈ ಅಕ್ಟೋಬರಿಗೆ ನಾನು ಇಟ್ಟುಕೊಂಡಿರುವುದು ಕಟ್‌ಬ್ಯಾಕ್, ಅದರಲ್ಲೂ ನೊರೆ ಕಾಣುವವರೆಗೆ ಎಡ ಅಂಚು ಬಿಡದೆ ಇರುವುದು.